ಹಾವು ದಾಟಲೆಂದು ರಸ್ತೆಗೆ ಗೇಟು

ಹಾವು ದಾಟಬೇಕೆಂದು ಸರಕಾರವೇ ರಸ್ತೆ ಮುಚ್ಚುತ್ತದೆ ಅಂದರೆ ನಮ್ಮ ಕಡೆ ಯಾರೂ ನಂಬಲಿಕ್ಕಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿ ಶಾನೀ ಎಂಬ ಸರಕಾರಿ ಕಾಡಿದೆ. ಅಲ್ಲಿ 1972ರಿಂದ ಇದು ನಡೆದುಬಂದಿದೆ. ನಾಲ್ಕು ಕಿಲೋಮೀಟರ್ ಉದ್ದದ ಜಲ್ಲಿ ರಸ್ತೆ, ಹೆಸರೇ ಹಾವಿನ ರಸ್ತೆ. ಮಾರ್ಚ್ 15ರಿಂದ ಮೇ 15, ಆಮೇಲೆ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 30, ಹೀಗೆ ವರ್ಷಕ್ಕೆ ಎರಡು ಸಲ ವಾಹನ ಬಂದ್. ನಡೆದು ಹೋಗುವವರಿಗೆ ಅಡ್ಡಿಯಿಲ್ಲ. ಆ ಸೀಮೆಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಒಂದು ಅಕ್ಟೋಬರಿನಲ್ಲಿ ನಡೆದು ಬಂದು ಫೋನಿನಲ್ಲಿ ವಿವರ ಹೇಳಿದ.

ರಸ್ತೆಯ ಒಂದು ಮಗ್ಗುಲಿಗೆ ಸುಣ್ಣಕಲ್ಲಿನ ಎತ್ತರದ ಬಂಡೆಗೋಡೆ, ಇನ್ನೊಂದು ಮಗ್ಗುಲಿಗೆ ಜೌಗು. ಬೇಸಿಗೆಯಲ್ಲಿ ಹಾವಿಗೆ ಜೌಗಿನಲ್ಲಿ ಕಪ್ಪೆ, ಮೀನು ಬೇಕಾದಷ್ಟು. ಆದರೆ ಚಳಿಗಾಲಕ್ಕೆ ಅಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಹಾವಿನ ಮೈಯಲ್ಲಿ ಸ್ವಂತ ಕಾವು ಇಲ್ಲವಲ್ಲ, ಹೊರಗಿದ್ದರೆ ಸತ್ತೇ ಹೋಗುತ್ತದೆ. ಅದಕ್ಕೆ ಬಂಡೆಯ ಆಳದ ಬಿರುಕು ಹುಡುಕಿಕೊಂಡು ಹೊರಡುತ್ತದೆ, ವಸಂತದಲ್ಲಿ ಮತ್ತೆ ಕೆಳಗಿಳಿಯುತ್ತದೆ. ನಡುವೆ ರಸ್ತೆ. ಬಿಸಿಲಿಗೆ ಕಾದ ಜಲ್ಲಿಯ ಮೇಲೆ ಮೈ ಚಾಚಿ ಮಲಗುವುದೂ ಉಂಟು. ಗಾಡಿ ಬಂದರೆ ಮುಗಿಯಿತು. ಕಪ್ಪೆ, ಆಮೆಗಳೂ ಇದೇ ದಾರಿಯಲ್ಲಿ ದಾಟುತ್ತವಂತೆ.

ಬೆಳಿಗ್ಗೆ ಚಳಿಯಲ್ಲಿ ಹುಡುಗನಿಗೆ ಒಂದೂ ಕಾಣಲಿಲ್ಲ. ಬಿಸಿಲೇರಿದ ಮೇಲೆ ಒಂದೊಂದೇ ಹೊರಬಿದ್ದವು. ವಿಷದವು ಅಲ್ಲಿ ಮೂರು ಜಾತಿ. ಅದರಲ್ಲಿ ಒಂದು ಹೆದರಿದರೆ ಓಡುವುದಿಲ್ಲ, ಸುರುಳಿ ಸುತ್ತಿ ಬಾಯಿ ಅಗಲಿಸುತ್ತದೆ. ಬಾಯೊಳಗೆ ಬಿಳಿ, ಅದಕ್ಕೇ ಅವರಲ್ಲಿ ಅದಕ್ಕೆ ಹತ್ತಿಬಾಯಿ ಎಂಬ ಹೆಸರು. ಹತ್ತಿ ಬೆಳೆಯುವ ನಮಗೆ ಬೇಗ ಬಾಯಿಗೆ ಹತ್ತುವ ಹೆಸರು! ಹಾವನ್ನು ಹಿಡಿಯುವಂತಿಲ್ಲ, ಮುಟ್ಟುವಂತಿಲ್ಲ. ದೂರ ನಿಂತು ನೋಡುವುದು, ಕಾಲಿಡುವ ಜಾಗ ನೋಡಿ ನಡೆಯುವುದು, ಅಷ್ಟೇ.

ಅದು ಕಾಡು, ನಮ್ಮದು ಹೊಲ. ಹಾವು ಕಚ್ಚಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆಂದು 2020ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಹೆಚ್ಚಿನವರು ಹಳ್ಳಿಯವರೇ. ಹಾಗಾಗಿ ಹಾವಿಗೆ ದಾರಿ ಬಿಡಿ ಎಂದು ಬಾಯಿಮಾತಿಗೆ ಹೇಳಲಾರೆ. ಆದರೆ ಹಾವು ಯಾವಾಗ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೆ ಜೀವ ಉಳಿಯುತ್ತದೆ, ಹಾವಿನದೂ ನಮ್ಮದೂ. ನಮ್ಮಲ್ಲಿ ಮೊದಲ ಮಳೆ ಬಿದ್ದು ಬಿತ್ತನೆಗೆ ಹೊರಡುವ ದಿನಗಳಲ್ಲೇ ಅವೂ ಓಡಾಡುತ್ತವೆ. ಯಾವ ಬದುವಿನಲ್ಲಿ ಕೊಳಕುಮಂಡಲ, ಯಾವ ಬಣವೆಯಲ್ಲಿ ಕೇರೆ ಎಂದು ದನ ಕಾಯುವ ಹುಡುಗರಿಗೆ ಚೆನ್ನಾಗಿ ಗೊತ್ತು. ತಿಂಗಳುವಾರು ಬರೆದಿಟ್ಟವರು ಯಾರಾದರೂ ಇದ್ದರೆ ಪತ್ರಿಕೆಗೆ ಕಳಿಸಿ.