ಸ್ಟಾಕ್‌ಹೋಮಿನ ಗರಗಸ, ಕನ್ನಡದ ಗಂಟಲು

ಇಂಥದ್ದೊಂದು ಕನ್ನಡದಲ್ಲಿದೆ ಅಂತ ಇಷ್ಟು ವರ್ಷ ಯಾರೂ ಯಾಕ್ರೀ ಹೇಳಲಿಲ್ಲ! ಡೆತ್ ಮೆಟಲ್, ಅಂದರೆ ಗುಡುಗುವ ಗಂಟಲಿನ, ಭಾರೀ ಗಿಟಾರಿನ ರಾಕ್ ಸಂಗೀತ. ಅದೂ ಹಳೇ ಕಾಲದ್ದು, ಹಸಿ ಮಣ್ಣಿನ ವಾಸನೆ ಹೊಡೆಯುವಂಥದ್ದು, ತೊಂಬತ್ತರ ದಶಕದ ಬಾಗಿಲಲ್ಲಿ ಸ್ಟಾಕ್‌ಹೋಮಿನ ಹುಡುಗರು ಎಬ್ಬಿಸಿದ ಸದ್ದಿಗೆ ಬಳಗದ ನಂಟಿರುವಂಥದ್ದು. ಬ್ಯಾಂಡಿನ ಹೆಸರು ‘ದ್ವೇಷ’. ಊರು ಬೆಂಗಳೂರು. ಮೊದಲ ಆಲ್ಬಂ ‘ಸ್ತೂಪ’, 2014ರದ್ದು. ಹೊರತಂದದ್ದು ಜರ್ಮನಿಯ ಡುಂಕೆಲ್‌ಹೈಟ್ ಪ್ರೊಡುಕ್ಟ್ಸಿಯೋನೆನ್ ಅನ್ನುವ ಕಂಪನಿ. ಕನ್ನಡದ ಒಂದಕ್ಷರ ಗೊತ್ತಿಲ್ಲದ ಜನ ದುಡ್ಡು ಕೊಟ್ಟು ಕೊಂಡು, ತಲೆ ಕುಣಿಸಿ ಕೇಳಿದ ಕನ್ನಡ ಹಾಡುಗಳು ಇವು. ನಾವಿಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೇವೆ.

ಈ ಹಾಡುಗಳು ನನಗೆ ಸಿಕ್ಕಿದ್ದು ಪಿಲ್ಲಗುಂಪೆಯಲ್ಲಿ. ಹೊಸಕೋಟೆಯ ಆ ಕೈಗಾರಿಕಾ ಪ್ರದೇಶದಲ್ಲಿ ಸಂಗೀತ ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಶಿಫ್ಟು ಬಿಟ್ಟ ಹುಡುಗನೊಬ್ಬ ಚಾ ಅಂಗಡಿಯ ಬೆಂಚಿನ ಮೇಲೆ ಫೋನಿನಲ್ಲಿ ಏನನ್ನೋ ಹಾಕಿಕೊಂಡಿದ್ದ. ಶೆಡ್ಡುಗಳ ಒಳಗಿನ ಕಬ್ಬಿಣದ ಗಲಾಟೆ ಯಾವುದು, ಫೋನಿನ ಗಲಾಟೆ ಯಾವುದು, ತಿಳಿಯಲಿಲ್ಲ. ಯಾವ ದೇಶದ್ದಪ್ಪಾ ಇದು ಅಂದೆ. “ಸರಿಯಾಗಿ ಕಿವಿಗೊಡಿ ಸಾರ್, ಕನ್ನಡ ಇದು” ಅಂದ. ಕಿವಿಗೊಟ್ಟೆ. ಗುಡುಗಿನ ಒಳಗಿಂದ ಒಂದು ಪದ ಮೇಲೆದ್ದಿತು, ಆಮೇಲೆ ಇನ್ನೊಂದು. ಮೈ ಜುಂ ಅಂದಿತು.

ಹೊಸಕೋಟೆಗೆ ಸ್ವೀಡನ್ ಹೊಸದೇನಲ್ಲ ನೋಡಿ. ಇದೇ ತಾಲ್ಲೂಕಿನ ಕಾರ್ಖಾನೆಯಲ್ಲಿ 1998ರಿಂದ ವೋಲ್ವೋ ಲಾರಿ ತಯಾರಾಗುತ್ತಿದೆ. ವೋಲ್ವೋದ ಐರಾವತ ಬಸ್ಸು ಹತ್ತಿ ನಿದ್ದೆ ಮಾಡಿದ ಪ್ರತಿ ಕನ್ನಡಿಗನಿಗೂ ಸ್ವೀಡನ್ ಅಂದರೆ ಕುಲುಕಾಡದ ಸೀಟು, ಸದ್ದಿಲ್ಲದ ಎಂಜಿನ್ನು. ಆದರೆ ಅದೇ ದೇಶ ಲೋಕಕ್ಕೆ ಕೊಟ್ಟ ಇನ್ನೊಂದು ಯಂತ್ರವಿದೆ, ಸದ್ದೇ ಅದರ ಸರಕು!

1987ರಲ್ಲಿ ಸ್ಟಾಕ್‌ಹೋಮಿನ ಶಾಲಾ ಹುಡುಗರು ‘ನಿಹಿಲಿಸ್ಟ್’ ಅಂತ ಒಂದು ಬ್ಯಾಂಡು ಕಟ್ಟಿದರು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕಾಲಲ್ಲಿ ಒತ್ತುವ ಒಂದು ಸಣ್ಣ ಡಬ್ಬಿ ಇರುತ್ತದಲ್ಲ, ಪೆಡಲ್, ಅವರ ಕೈಗೆ ಸಿಕ್ಕಿದ್ದು ಜಪಾನಿನ ಬಾಸ್ ಕಂಪನಿಯ ಎಚ್‌ಎಂ-2. 1983ರಲ್ಲಿ ಮಾರುಕಟ್ಟೆಗೆ ಬಂದಿತ್ತು, ಯಾರೂ ಅಷ್ಟಾಗಿ ಮೂಸಲಿಲ್ಲ, 1991ರ ಹೊತ್ತಿಗೆ ಕಂಪನಿಯೇ ಕೈಬಿಟ್ಟಿತು. ಅದಕ್ಕೆ ನಾಲ್ಕು ಗುಂಡಿ. ತಿಳಿದವರು ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ಹದ ನೋಡುತ್ತಾರೆ. ಗಿಟಾರಿನ ಲೆಫೆ ಕುಝ್ನರ್ ನಾಲ್ಕನ್ನೂ ಕೊನೆಯವರೆಗೆ ತಿರುಗಿಸಿಬಿಟ್ಟ ಅನ್ನುತ್ತಾರೆ. ಅಷ್ಟೇ! ತಂತಿಗಳ ಶ್ರುತಿಯನ್ನು ಪಾತಾಳಕ್ಕೆ ಇಳಿಸಿ ಆ ಪೆಡಲ್ ಒತ್ತಿದರೆ ಹೊರಡುವ ಸದ್ದು, ಮರದ ಮಿಲ್ಲಿನಲ್ಲಿ ಹಲಸಿನ ತೊಲೆಗೆ ಗರಗಸ ಬಾಯಿ ಹಾಕಿದ ಹಾಗೆ: ಮೊದಲು ಕೊರೆತ, ಆಮೇಲೆ ನಡುಕ, ಹಲ್ಲುಗಳೊಳಗೆ ಜುಮುಜುಮು. ಜಗತ್ತಿನ ಮೆಟಲ್ ಮಂದಿ ಅದಕ್ಕೆ ಗರಗಸದ ಹೆಸರನ್ನೇ ಇಟ್ಟಿದ್ದಾರೆ.

ನಿಹಿಲಿಸ್ಟ್ ಒಡೆದು ‘ಎಂಟೂಂಬ್ಡ್’ ಆಯಿತು. ತೋಮಸ್ ಸ್ಕೋಗ್ಸ್‌ಬರ್ಗ್ ಎಂಬಾತನ ಸನ್‌ಲೈಟ್ ಸ್ಟುಡಿಯೋದಲ್ಲಿ, 1989ರ ಡಿಸೆಂಬರಿನ ಚಳಿಯಲ್ಲಿ, ಇವರು ಮೊದಲ ಆಲ್ಬಂ ‘ಲೆಫ್ಟ್ ಹ್ಯಾಂಡ್ ಪಾತ್’ ಮುದ್ರಿಸಿದರು. ಡ್ರಮ್ಮಿನ ನಿಕೆ ಆಂಡರ್ಸನ್‌ಗೆ ಆಗ 17 ವರ್ಷ. ಹಾಡಿದ, ಅಲ್ಲ, ಗುಡುಗಿದ ಎಲ್.ಜಿ. ಪೆತ್ರೋವ್‌ಗೂ 17! ನಮ್ಮಲ್ಲಿ ಆ ವಯಸ್ಸಿನವರು ಸಿಇಟಿ ಟ್ಯೂಷನ್ನಿಗೆ ಓಡಾಡುತ್ತಿರುತ್ತಾರೆ. 1990ರಲ್ಲಿ ಅದು ಹೊರಬಂತು. ಮರುವರ್ಷ ಡಿಸ್ಮೆಂಬರ್, ಗ್ರೇವ್, ಅನ್‌ಲೀಶ್ಡ್ ಮೂರೂ ಬ್ಯಾಂಡಿನ ಮೊದಲ ಆಲ್ಬಂಗಳು ಒಂದರ ಹಿಂದೊಂದು ಬಂದವು. ಎಲ್ಲಾ ಎರಡೇ ವರ್ಷದಲ್ಲಿ. ‘ಲೆಫ್ಟ್ ಹ್ಯಾಂಡ್ ಪಾತ್’ನ ಶೀರ್ಷಿಕೆ ಹಾಡಿನ ಕೊನೆಯಲ್ಲಿ ಗರಗಸ ತಟ್ಟನೆ ನಿಧಾನಿಸಿ, ‘ಫ್ಯಾಂಟಸಂ’ ಎಂಬ ಹಳೇ ದೆವ್ವದ ಸಿನಿಮಾದ ರಾಗವೊಂದು ತೇಲಿ ಬರುತ್ತದೆ. ಇಷ್ಟು ಒರಟರಿಗೆ ಅಷ್ಟು ಇಂಪು ಎಲ್ಲಿಂದ ಬಂತೋ!

ಇನ್ನು ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಆ ಸ್ವೀಡನ್ನಿನ ಹುಡುಗರು ಹಾಡಿದ್ದು ಸ್ವೀಡಿಷ್‌ನಲ್ಲಲ್ಲ. ಎಂಟೂಂಬ್ಡ್, ಡಿಸ್ಮೆಂಬರ್, ಗ್ರೇವ್, ಎಲ್ಲರೂ ಇಂಗ್ಲಿಷಿನಲ್ಲೇ ಗುಡುಗಿದರು. ಮನೆಯಲ್ಲಿ ಅಮ್ಮನ ಜೊತೆ ಆಡುವ ಮಾತನ್ನು ಮೈಕಿನ ಮುಂದೆ ತರಲಿಲ್ಲ. ಬೆಂಗಳೂರಿನಲ್ಲೂ ಡೆತ್ ಮೆಟಲಿನ ಬೇರು ಹಳೆಯದು. ‘ಡೈಯಿಂಗ್ ಎಂಬ್ರೇಸ್’ 1991ರಲ್ಲೇ ಹುಟ್ಟಿದ್ದು, ಅಂದರೆ ಸ್ಟಾಕ್‌ಹೋಮಿನ ಗರಗಸ ಇನ್ನೂ ಬಿಸಿಯಾಗಿದ್ದಾಗಲೇ. ಅವರ ಹಾಡಿಕೆಯೂ ಇಂಗ್ಲಿಷೇ. ಹೀಗಿರುವಾಗ ‘ದ್ವೇಷ’ದವರು ಸ್ಟಾಕ್‌ಹೋಮಿನವರು ಮಾಡದ್ದನ್ನು ಮಾಡಿಬಿಟ್ಟರಲ್ಲ!

ಹಾಡುಗಳ ಹೆಸರು ನೋಡಿ: ‘ಸತ್ತ್ವ ಬಲಿ’, ‘ಯುದ್ಧಭೂಮಿ’, ‘ಉಗ್ರ ನರಸಿಂಹ’, ‘ಹೊಯ್ ಸಳ’. ಸ್ವೀಡನ್ನಿನವರು ಸಮಾಧಿ, ಹೆಣ, ಸೈತಾನ ಅಂತ ಸಿನಿಮಾದಿಂದ ಸಾಲ ತಂದು ಹೆದರಿಸಬೇಕಾಯಿತು. ನಮಗೇನು ಕೊರತೆ? ಕಂಬ ಒಡೆದು ಬಂದು ಹೊಟ್ಟೆ ಬಗೆದ ದೇವರು ನಮ್ಮ ಮನೆದೇವರ ಪಟದಲ್ಲೇ ಇದ್ದಾನೆ, ಅವನಿಗೆ ಪಾನಕ ಬೇರೆ ಕೊಡುತ್ತೇವೆ. ಗುರು ಸುದತ್ತ ಕೂಗಿದ್ದು, ಸಳ ಹುಲಿಯ ಮೇಲೆ ಬಿದ್ದದ್ದು ಪ್ರೈಮರಿ ಶಾಲೆಯ ಪಾಠ. ಬೇಲೂರಿನ ದೇವಸ್ಥಾನದ ಮುಂದೆ ಫೋಟೋ ತೆಗೆಸಿಕೊಂಡು ಮರೆತಿದ್ದೆವು. ಆ ಕೂಗು ನಿಜಕ್ಕೂ ಕೂಗೇ ಆಗಿತ್ತು, ಎದುರಿಗೆ ಹುಲಿ ಇತ್ತು, ಕೈಕಾಲು ನಡುಗುತ್ತಿದ್ದವು ಅನ್ನುವುದನ್ನು ಈ ಹಾಡು ನೆನಪಿಗೆ ತಂದಿತು.

ಮತ್ತೆ ಆ ಗಂಟಲು! ಡೆತ್ ಮೆಟಲಿನ ಗುಡುಗು ಬರುವುದು ನಾವು ಮಾತಾಡುವ ಧ್ವನಿತಂತುಗಳಿಂದಷ್ಟೇ ಅಲ್ಲ. ಅವುಗಳ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ, ಮಾತಿನಲ್ಲಿ ಅವಕ್ಕೆ ಹೆಚ್ಚು ಕೆಲಸವಿಲ್ಲ. ಉಸಿರನ್ನು ಹೊಟ್ಟೆಯಿಂದ ಒತ್ತಿ ಅವನ್ನೂ ನಡುಗಿಸಬೇಕು. ಕಲಿಯದೆ ಕಿರುಚಿದರೆ ಮೂರು ದಿನ ಬಿಸಿನೀರೇ ಗತಿ. ಆ ಗಂಟಲಲ್ಲಿ ಕನ್ನಡದ ಒತ್ತಕ್ಷರಗಳು ಎಂಥ ಚೆಂದ ಒಡೆಯುತ್ತವೆ ಅಂತೀರಿ! ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣ ಸತ್ತು ಎಷ್ಟು ಕಾಲವಾಯಿತೋ, ‘ಯುದ್ದಬೂಮಿ’ ಅಂದು ಮುಂದೆ ಹೋಗುತ್ತೇವೆ. ಇಲ್ಲಿ ಆ ಧ, ಆ ಭ ಎದ್ದು ಕೂರುತ್ತವೆ. ವ್ಯಾಕರಣದ ಮೇಷ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರು, ಬಾಗಿಲು ಹಾಕಿಕೊಂಡು.

ಇದು ಆಮದು ಮಾಲು ಅನ್ನುವವರು ಒಮ್ಮೆ ಯೋಚಿಸಿ. ಈ ಸೀಮೆಯ ಮೂಡಲಪಾಯದಲ್ಲಿ ರಾಕ್ಷಸ ರಂಗಕ್ಕೆ ನುಗ್ಗುವಾಗ ಮಾಡುವ ಆರ್ಭಟ ಕೇಳಿದ್ದೀರಲ್ಲ? ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ನುಗ್ಗುತ್ತಿದ್ದರು. ವೀರಗಾಸೆಯವರು ಕತ್ತಿ ಎತ್ತಿ ಒಡಪು ಹೇಳುತ್ತಾ ದಕ್ಷನ ತಲೆ ಉರುಳಿಸುವ ಹೊತ್ತಿಗೆ ಗಂಟಲು ಮನುಷ್ಯರದ್ದಾಗಿ ಉಳಿದಿರುತ್ತದೆಯೇ? ಬ್ಯಾಂಡಿನವರು ಇದರಿಂದಲೇ ಕಲಿತರು ಅಂತ ನಾನು ಹೇಳುತ್ತಿಲ್ಲ. ಕೇಳುವ ಕಿವಿ ನಮ್ಮಲ್ಲಿ ಮೊದಲೇ ತಯಾರಿತ್ತು ಅನ್ನುತ್ತಿದ್ದೇನೆ.

ತಕರಾರು ಇಲ್ಲವೆಂದಲ್ಲ. ‘ಸ್ತೂಪ’ ಅಪ್ಪಟ ಸ್ಟಾಕ್‌ಹೋಮ್ ಅಲ್ಲ. ಅದರ ನಡಿಗೆ ಎಷ್ಟೋ ಕಡೆ ಇಂಗ್ಲೆಂಡಿನ ‘ಬೋಲ್ಟ್ ಥ್ರೋವರ್’ನ ಟ್ಯಾಂಕಿನಂಥ ಭಾರದ ನಡಿಗೆ. ಗರಗಸದ ಹುಚ್ಚು ಓಟವನ್ನೇ ನಿರೀಕ್ಷಿಸುವವರಿಗೆ ಕೆಲವು ಭಾಗ ನಿಧಾನ ಅನ್ನಿಸಬಹುದು. ಪದಗಳು ಸದ್ದಿನಲ್ಲಿ ಮುಳುಗುವುದೂ ಉಂಟು. ಕನ್ನಡದವರಿಗಾದರೂ ಸಾಹಿತ್ಯ ಕೈಯಲ್ಲಿ ಹಿಡಿದು ಕೇಳುವ ಭಾಗ್ಯ ಬೇಕಿತ್ತು.

ಅಂದಹಾಗೆ, ಯಾರಿಗೂ ಬೇಡವಾಗಿದ್ದ ಆ ನಾಲ್ಕು ಗುಂಡಿಯ ಪೆಡಲನ್ನು ಬಾಸ್ ಕಂಪನಿ 2020ರಲ್ಲಿ ಮತ್ತೆ ಹೊರತರಲು ಹೊರಟಿತು. ಹಳೆಯ ಪೆಡಲಿಗೆ ಜನ ಕೇಳಿದಷ್ಟು ದುಡ್ಡು ಸುರಿಯುತ್ತಿದ್ದುದನ್ನು ನೋಡಿ ನೋಡಿ ಅದಕ್ಕೂ ಸಾಕಾಗಿರಬೇಕು. ಪೆತ್ರೋವ್ 2021ರ ಮಾರ್ಚಿನಲ್ಲಿ ತೀರಿಕೊಂಡ. ಆತನ ಊರಿನ ಸದ್ದು ಹೊಯ್ಸಳರ ನಾಡಿನಲ್ಲಿ ಹುಲಿ ಬೇಟೆಗೆ ಹೊರಟದ್ದು ಆತನಿಗೆ ಗೊತ್ತಿತ್ತೋ ಇಲ್ಲವೋ. ನೀವು ಮಾತ್ರ ‘ಹೊಯ್ ಸಳ’ದಿಂದ ಶುರುಮಾಡಿ, ‘ಉಗ್ರ ನರಸಿಂಹ’ಕ್ಕೆ ಬನ್ನಿ, ಆಮೇಲೆ ‘ಲೆಫ್ಟ್ ಹ್ಯಾಂಡ್ ಪಾತ್’ಗೆ ಹಿಂದಕ್ಕೆ ಹೋಗಿ. ಫೋನಿನ ಸ್ಪೀಕರಿನಲ್ಲಿ ಬೇಡ, ಮನೆಯಲ್ಲಿ ಇರುವುದರಲ್ಲೇ ದೊಡ್ಡದಾದ ಸ್ಪೀಕರಿಗೆ ಹಾಕಿ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೆ ಕನ್ನಡ ಹಾಡು ಅನ್ನಿ, ನಂಬುವುದಿಲ್ಲ.