ಅಂತರಜಾಲದ ಆಟಗಳೂ ಬದಲಾಗುವ ವಿಳಾಸಗಳೂ

ವಿಜ್ಞಾನವು ಮಾನವನ ದುಡಿಮೆಯನ್ನು ಮಾತ್ರವಲ್ಲದೆ ಅವನ ವಿರಾಮವನ್ನೂ ಮಾರ್ಪಡಿಸಿದೆ. ಶಾಲೆಯ ಬಯಲಿನಲ್ಲಿ ಕಬಡ್ಡಿ, ಖೋ-ಖೋಗಳಿಗಾಗಿ ನೆರೆಯುತ್ತಿದ್ದ ಬಾಲಕರು ಇಂದು ಬೇರೆ ಬೇರೆ ಊರುಗಳಲ್ಲಿ ಕುಳಿತೇ ಅಂತರಜಾಲದ ಮೂಲಕ ಒಂದೇ ಆಟದಲ್ಲಿ ಕೂಡುತ್ತಾರೆ. ಇಂತಹ ಆಟಗಾರರಿಂದ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಗುಪ್ತಪದವು ಸರಿಯಾಗಿದ್ದರೂ ಆಟದ ಸಂಸ್ಥೆಯು ಇ-ಮೇಲಿಗೋ ಮೊಬೈಲಿಗೋ ಒಂದು ಸಂಖ್ಯೆಯನ್ನು ಕಳುಹಿಸಿ, ಅದನ್ನು ನಮೂದಿಸುವಂತೆ ಮತ್ತೆ ಮತ್ತೆ ಕೇಳುತ್ತದೆ. ಆ ಮೊಬೈಲು ಅನೇಕ ವೇಳೆ ತಂದೆತಾಯಿಗಳದಾಗಿರುವುದರಿಂದ ಇದು ಹಿರಿಯರೂ ತಿಳಿದಿರಬೇಕಾದ ವಿಷಯ.

ಆಟದ ಖಾತೆಯನ್ನು ಇಷ್ಟು ಬಿಗಿಯಾಗಿ ಕಾಯುವುದೇಕೆ? ಅದರಲ್ಲಿ ಹಣ ಕೊಟ್ಟು ಪಡೆದ ಆಟಗಳೂ ಮಾರಬಹುದಾದ ವಸ್ತುಗಳೂ ಇರುತ್ತವೆ. 'ಸ್ಟೀಮ್' ಎಂಬ ಆಟಗಳ ಮಾರುಕಟ್ಟೆಯನ್ನು ನಡೆಸುವ ವಾಲ್ವ್ ಸಂಸ್ಥೆಯು, ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ಪಾಲಾಗುತ್ತಿವೆಯೆಂದು 2015ರಲ್ಲಿ ತಿಳಿಸಿತು. ಹೊಸ ಯಂತ್ರದಿಂದ ಪ್ರವೇಶಿಸುವವರನ್ನು ಪರೀಕ್ಷಿಸುವ 'ಸ್ಟೀಮ್ ಗಾರ್ಡ್' ವ್ಯವಸ್ಥೆಯು 2011ರಲ್ಲಿಯೇ ಜಾರಿಗೆ ಬಂದಿತ್ತು. ಪ್ರವೇಶಿಸುವವನು ಬಳಸುವ ಯಂತ್ರ, ಅವನ ಐ.ಪಿ. ವಿಳಾಸ, ಆ ವಿಳಾಸವು ಸೂಚಿಸುವ ಊರು ಇವುಗಳಲ್ಲಿ ಯಾವುದಾದರೂ ಎಂದಿನಂತಿಲ್ಲವಾದರೆ ಇಂತಹ ವ್ಯವಸ್ಥೆಗಳು ಸಂಶಯಪಡುತ್ತವೆ.

ತೊಡಕು ಹುಟ್ಟುವುದು ಇಲ್ಲಿಯೇ. ಐ.ಪಿ. ವಿಳಾಸವೆಂಬುದು ಮನೆಯ ಬಾಗಿಲಿನ ಸಂಖ್ಯೆಯಂತೆ ಸ್ಥಿರವಾದುದಲ್ಲ. 1981ರಲ್ಲಿ ನಿರೂಪಿತವಾದ ನಾಲ್ಕನೆಯ ಆವೃತ್ತಿಯ ವಿಳಾಸವು 32 ದ್ವಿಮಾನ ಅಂಕಿಗಳದು. ಇದರಿಂದ ಸುಮಾರು 429 ಕೋಟಿ ವಿಳಾಸಗಳು ಮಾತ್ರ ದೊರೆಯುತ್ತವೆ. ಹಂಚದೆ ಉಳಿದಿದ್ದ ಕೇಂದ್ರ ಸಂಗ್ರಹವು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಆದುದರಿಂದ ಸಂಪರ್ಕ ಸಂಸ್ಥೆಗಳು ಇರುವ ವಿಳಾಸಗಳನ್ನೇ ತಿರುಗಿಸಿ ಹಂಚಬೇಕಾಗಿದೆ. ದಾಸೋಹದ ಪಂಕ್ತಿಯಲ್ಲಿ ಒಬ್ಬನು ಎದ್ದುಹೋದ ಸ್ಥಳದಲ್ಲಿ ಇನ್ನೊಬ್ಬನು ಕುಳಿತುಕೊಳ್ಳುವಂತೆ, ವಿದ್ಯುತ್ತು ಹೋಗಿ ರೌಟರ್ ಮರುಚಾಲನೆಗೊಂಡಾಗ ಹಳೆಯ ವಿಳಾಸವು ಬೇರೆಯವರಿಗೆ ಸಂದು, ಹೊಸದೊಂದು ದೊರೆಯಬಹುದು.

ಮೊಬೈಲ್ ಸಂಪರ್ಕದಲ್ಲಿ ಸಾವಿರಾರು ಗ್ರಾಹಕರು ಕೆಲವೇ ವಿಳಾಸಗಳನ್ನು ಹಂಚಿಕೊಳ್ಳುವುದುಂಟು. ವಿದ್ಯಾರ್ಥಿನಿಲಯದ ಒಂದೇ ಅಂಚೆ ವಿಳಾಸಕ್ಕೆ ಎಲ್ಲ ಮಕ್ಕಳ ಪತ್ರಗಳೂ ಬರುವಂತಹ ಏರ್ಪಾಡು ಇದು. ಇದರಿಂದಾಗಿ ಹಾವೇರಿಯ ವಿದ್ಯಾರ್ಥಿಯು ಆಟದ ಸಂಸ್ಥೆಗೆ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುವಂತೆ ತೋರಬಹುದು. ವೈ-ಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾಯಿಸಿದರೂ, ನಿಜವಾದ ವಿಳಾಸವನ್ನು ಮರೆಮಾಡುವ ವಿ.ಪಿ.ಎನ್. ಬಳಸಿದರೂ ಇದೇ ಪರಿಣಾಮ. ಯಂತ್ರದ ಗುರುತಿಗಾಗಿ ಬ್ರೌಸರಿನಲ್ಲಿ ಉಳಿಸಿದ ಕುಕಿಗಳನ್ನು ಅಳಿಸಿದರಂತೂ ಪರಿಚಿತನೂ ಅಪರಿಚಿತನಾಗುತ್ತಾನೆ.

ಈ ಕಿರುಕುಳಕ್ಕಿಂತ ಅದರಿಂದ ಬೆಳೆಯುವ ಅಭ್ಯಾಸವು ಹೆಚ್ಚು ಅಪಾಯಕರ. ದಿನಕ್ಕೆ ಹಲವು ಬಾರಿ ಸಂಖ್ಯೆಯನ್ನು ನಮೂದಿಸಿ ಬೇಸತ್ತ ಬಾಲಕನು ರಕ್ಷಣೆಯನ್ನೇ ತೆಗೆದುಹಾಕಬಹುದು. ಇಲ್ಲವೆ ಆಟದ ಗೆಳೆಯನೆಂದು ನಟಿಸುವವನು ಕೇಳಿದಾಗ ಯೋಚಿಸದೆ ಸಂಖ್ಯೆಯನ್ನು ಹೇಳಿಬಿಡಬಹುದು. ತಂದೆಯ ಬ್ಯಾಂಕಿನಿಂದ ಬರುವ ಸಂಖ್ಯೆಯೂ ಇದೇ ಮೊಬೈಲಿನಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಮರೆಯಬಾರದು.

ಪರಿಹಾರಗಳು ಕಠಿಣವಲ್ಲ. ಸ್ವಂತ ಯಂತ್ರವನ್ನು ಮಾತ್ರ ನಂಬಿಕೆಯ ಯಂತ್ರವೆಂದು ದಾಖಲಿಸಬೇಕು. ಸೈಬರ್ ಕೇಂದ್ರದ ಯಂತ್ರವನ್ನು ಎಂದಿಗೂ ದಾಖಲಿಸಕೂಡದು. ಆಟದ ವೇಳೆ ಒಂದೇ ಸಂಪರ್ಕವನ್ನು ಬಳಸುವುದು ಒಳಿತು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ನೀಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಎಸ್ಸೆಮ್ಮೆಸ್ಸಿಗಾಗಿ ಕಾಯಬೇಕಾಗಿಲ್ಲ. ಖಾತೆಯನ್ನು ಮರಳಿ ಪಡೆಯುವ ಸಂಕೇತಗಳನ್ನು ಕಾಗದದಲ್ಲಿ ಬರೆದಿಡಬೇಕು. ಯಾರೂ ಪ್ರವೇಶಿಸಲು ಯತ್ನಿಸದಿರುವಾಗ ಸಂಖ್ಯೆ ಬಂದರೆ ಗುಪ್ತಪದವು ಪರರಿಗೆ ತಿಳಿದಿರುವ ಸಂಭವವಿದೆ. ಕೂಡಲೇ ಅದನ್ನು ಬದಲಾಯಿಸಬೇಕು.

128 ಅಂಕಿಗಳ ಆರನೆಯ ಆವೃತ್ತಿಯು ವಿಳಾಸಗಳ ಕೊರತೆಯನ್ನು ನೀಗಿಸಬಲ್ಲದು. ಆದರೂ ಅದರಲ್ಲಿಯೂ ವಿಳಾಸವು ಬದಲಾಗುವುದುಂಟು, ಪರಿಶೀಲನೆ ತಪ್ಪುವುದಿಲ್ಲ. ಆಟವನ್ನು ನಿಷೇಧಿಸುವುದಕ್ಕಿಂತ, ಬಾಗಿಲು ತಟ್ಟಿ ಹೆಸರು ಕೇಳುವ ಕಾವಲುಗಾರನಿಗೂ ಕೀಲಿಕೈಯನ್ನೇ ಕೇಳುವ ವಂಚಕನಿಗೂ ಇರುವ ಅಂತರವನ್ನು ಮಕ್ಕಳಿಗೆ ಮನಗಾಣಿಸುವುದು ಶಿಕ್ಷಕರ ಹಾಗೂ ಪೋಷಕರ ಕರ್ತವ್ಯ. ಈ ಅರಿವು ಆಚಾರವಾಗಿ ನೆಲೆಗೊಂಡರೆ ಆಟದ ಅಂಗಳದಲ್ಲಿ ಕಲಿತ ಎಚ್ಚರವು ಅವರನ್ನು ಬದುಕಿನುದ್ದಕ್ಕೂ ಕಾಪಾಡುತ್ತದೆ.