ಗಡ್ಡೆ ಹುಡುಕುವ ಯಂತ್ರಕ್ಕೂ ಪರೀಕ್ಷೆ

ಕ್ಯಾನ್ಸರ್ ಗಡ್ಡೆಯನ್ನು ಪತ್ತೆಹಚ್ಚುವ ಹೊಸ ಯಂತ್ರದ ಚಿತ್ರ ಹಳೆಯದಕ್ಕಿಂತ ಸ್ಪಷ್ಟವಾಗಿದ್ದರೆ ಅಷ್ಟೇ ಸಾಲದು. ಹಳೆಯ ಯಂತ್ರಕ್ಕೆ ಕಾಣದ ಗಡ್ಡೆ ಇದಕ್ಕೆ ಕಾಣುತ್ತದೆಯೇ? ರೋಗವೇ ಇಲ್ಲದವರನ್ನು ಇದು ಸುಮ್ಮನೆ ಹೆದರಿಸುವುದಿಲ್ಲವೇ? ಯಾವ ವಯಸ್ಸಿನವರಿಗೆ, ಎಂಥ ದೇಹದವರಿಗೆ ಇದರ ಪ್ರಯೋಜನ? ಇವಕ್ಕೆ ಉತ್ತರ ಸಿಗುವುದು ಸಾವಿರಾರು ಜನರ ಮೇಲೆ ನಡೆಸಿದ ಪರೀಕ್ಷೆಯಿಂದ ಮಾತ್ರ. ಅಂಥ ಪರೀಕ್ಷೆ ಹೇಗಿರಬೇಕು ಎಂಬುದಕ್ಕೆ ಡಿಜಿಟಲ್ ಮ್ಯಾಮೊಗ್ರಾಮ್‌ಗಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ 'ಡಿಮಿಸ್ಟ್' ಅಧ್ಯಯನ ಒಳ್ಳೆಯ ಮಾದರಿ.

ಮ್ಯಾಮೊಗ್ರಾಮ್ ಎಂದರೆ ಸ್ತನದ ಎಕ್ಸ್‌ರೇ. ಹಿಂದೆ ಇದನ್ನು ಫಿಲ್ಮ್ ಮೇಲೆ ತೆಗೆಯುತ್ತಿದ್ದರು. ಒಮ್ಮೆ ಫಿಲ್ಮ್ ತೊಳೆದು ತೆಗೆದರೆ ಅದರ ಕಪ್ಪು-ಬಿಳುಪನ್ನು ಬದಲಿಸಲು ಬರುವುದಿಲ್ಲ. ಎಳೆಯ ವಯಸ್ಸಿನಲ್ಲಿ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿಯ ಅಂಗಾಂಶ ಹೆಚ್ಚು. ಎಕ್ಸ್‌ರೇಯಲ್ಲಿ ಆ ಅಂಗಾಂಶವೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಮಲ್ಲಿಗೆಯ ರಾಶಿಯಲ್ಲಿ ಸೇರಿಹೋದ ಒಂದು ಕಾಕಡದ ಹೂವನ್ನು ಹುಡುಕಿದ ಹಾಗೆ. ಡಿಜಿಟಲ್ ಯಂತ್ರದಲ್ಲಿ ಚಿತ್ರ ತೆಗೆದ ಮೇಲೂ ಪರದೆಯ ಮೇಲೆ ಅದನ್ನು ಹಿಗ್ಗಿಸಬಹುದು, ಬೆಳಕು-ನೆರಳನ್ನು ತಿದ್ದಿ ನೋಡಬಹುದು. 2000ದಲ್ಲಿ ಇಂಥ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಬೆಲೆ ಫಿಲ್ಮ್ ಯಂತ್ರಕ್ಕಿಂತ ಬಹಳ ಹೆಚ್ಚು. ಅಷ್ಟು ಹಣಕ್ಕೆ ತಕ್ಕ ಲಾಭವಿದೆಯೇ ಎಂದು ಕೇಳುವುದು ನ್ಯಾಯವೇ ಆಗಿತ್ತು.

ಡಾ. ಎಟ್ಟಾ ಪಿಸಾನೊ ಅವರ ನೇತೃತ್ವದಲ್ಲಿ 2001ರಿಂದ 2003ರವರೆಗೆ 33 ಕೇಂದ್ರಗಳಲ್ಲಿ, ರೋಗಲಕ್ಷಣವಿಲ್ಲದ 49,528 ಮಹಿಳೆಯರು ಈ ಅಧ್ಯಯನಕ್ಕೆ ಸೇರಿದರು. ಇಷ್ಟೊಂದು ಜನ ಬೇಕಾದದ್ದಕ್ಕೆ ಕಾರಣವಿದೆ. ಆರೋಗ್ಯವಾಗಿ ಕಾಣುವವರಲ್ಲಿ ಸ್ತನ ಕ್ಯಾನ್ಸರ್ ಸಿಗುವುದು ಸಾವಿರಕ್ಕೆ ಕೆಲವರಲ್ಲಿ ಮಾತ್ರ. ಕೊನೆಗೆ ಲೆಕ್ಕಕ್ಕೆ ತೆಗೆದುಕೊಂಡ 42,760 ಮಹಿಳೆಯರಲ್ಲಿ ಕ್ಯಾನ್ಸರ್ ಪತ್ತೆಯಾದದ್ದು 335 ಮಂದಿಯಲ್ಲಿ. ನೂರಾರು ಜನರ ಸಣ್ಣ ಪರೀಕ್ಷೆಯಲ್ಲಿ ಎರಡು ಯಂತ್ರಗಳ ವ್ಯತ್ಯಾಸ ಕಾಣುವಷ್ಟು ರೋಗಿಗಳೇ ಸಿಗುತ್ತಿರಲಿಲ್ಲ.

ಅಧ್ಯಯನದ ಗಟ್ಟಿತನ ಇದ್ದದ್ದು ಅದರ ವಿಧಾನದಲ್ಲಿ. ಒಬ್ಬೊಬ್ಬರಿಗೂ ಎರಡೂ ಬಗೆಯ ಚಿತ್ರ ತೆಗೆದರು. ಹಾಗಾಗಿ ಹೋಲಿಕೆ ಇಬ್ಬರು ಮಹಿಳೆಯರ ನಡುವೆ ಅಲ್ಲ, ಒಂದೇ ದೇಹದ ಎರಡು ಚಿತ್ರಗಳ ನಡುವೆ ನಡೆಯಿತು. ಫಿಲ್ಮನ್ನು ಒಬ್ಬ ರೇಡಿಯಾಲಜಿಸ್ಟ್ ಓದಿದರೆ ಡಿಜಿಟಲ್ ಚಿತ್ರವನ್ನು ಇನ್ನೊಬ್ಬರು ಓದಿದರು. ಒಬ್ಬರ ಅಭಿಪ್ರಾಯದ ಪ್ರಭಾವ ಇನ್ನೊಬ್ಬರ ಮೇಲೆ ಬೀಳಲಿಲ್ಲ. ಇಬ್ಬರಲ್ಲಿ ಯಾರಿಗೆ ಅನುಮಾನ ಬಂದರೂ ಮುಂದಿನ ತಪಾಸಣೆ ನಡೆಯುತ್ತಿತ್ತು. ಸತ್ಯವನ್ನು ತೀರ್ಮಾನಿಸಿದ್ದು ಮಾತ್ರ ಯಂತ್ರವೂ ಅಲ್ಲ, ಓದಿದ ವೈದ್ಯರೂ ಅಲ್ಲ. ಅಂಗಾಂಶದ ತುಣುಕು ತೆಗೆದು ನೋಡುವ ಬಯಾಪ್ಸಿ, ಇಲ್ಲವೇ ತಿಂಗಳುಗಳ ಬಳಿಕ ತೆಗೆದ ಮತ್ತೊಂದು ಮ್ಯಾಮೊಗ್ರಾಮ್. ಈ ಕೊನೆಯ ಕಾಯುವಿಕೆ ಇಲ್ಲದಿದ್ದರೆ ಎರಡೂ ಯಂತ್ರಗಳು ಬಿಟ್ಟುಬಿಟ್ಟ ಗಡ್ಡೆಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ.

2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮ. ಆದರೆ 50 ವರ್ಷದೊಳಗಿನವರಲ್ಲಿ, ದಟ್ಟ ಅಂಗಾಂಶದ ಸ್ತನವಿರುವವರಲ್ಲಿ, ಮುಟ್ಟು ಇನ್ನೂ ನಿಲ್ಲದವರಲ್ಲಿ ಡಿಜಿಟಲ್ ಸ್ಪಷ್ಟವಾಗಿ ಮೇಲಾಗಿತ್ತು. ನಿಖರತೆಯನ್ನು ಅಳೆಯುವ ಮಾನದಲ್ಲಿ 0.5 ಎಂದರೆ ಬರೀ ಊಹೆ, 1 ಎಂದರೆ ತಪ್ಪೇ ಇಲ್ಲ. 50ರೊಳಗಿನವರಲ್ಲಿ ಫಿಲ್ಮ್‌ಗೆ ಸಿಕ್ಕಿದ್ದು 0.69, ಡಿಜಿಟಲ್‌ಗೆ 0.84. 'ಹೊಸದು ಒಳ್ಳೆಯದೇ?' ಎಂಬ ಪ್ರಶ್ನೆಗಿಂತ 'ಯಾರಿಗೆ ಒಳ್ಳೆಯದು?' ಎಂಬ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಡಿಮಿಸ್ಟ್ ಅಳೆದದ್ದು ಪತ್ತೆಯ ನಿಖರತೆಯನ್ನು. ಜೀವ ಉಳಿಯಿತೇ ಎಂಬುದನ್ನಲ್ಲ. ಆ ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಅಮೆರಿಕದ ಎನ್‌ಎಲ್‌ಎಸ್‌ಟಿ ಅಧ್ಯಯನ ಅದಕ್ಕೆ ಉತ್ತರ ಹುಡುಕಿತು. ವಿಪರೀತ ಧೂಮಪಾನದ ಹಿನ್ನೆಲೆಯ 53,454 ಜನರಲ್ಲಿ ಅರ್ಧದಷ್ಟು ಮಂದಿಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್, ಉಳಿದವರಿಗೆ ಎದೆಯ ಎಕ್ಸ್‌ರೇ. ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20ರಷ್ಟು ಕಡಿಮೆಯಾಯಿತು. ಇದು ದೊಡ್ಡ ಗೆಲುವು. ಆದರೆ ಸಿಟಿಯಲ್ಲಿ ಅನುಮಾನ ಹುಟ್ಟಿಸಿದ ಫಲಿತಾಂಶಗಳಲ್ಲಿ ಶೇ 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಆ ಆತಂಕ, ಮತ್ತೆ ಮತ್ತೆ ಸ್ಕ್ಯಾನ್, ಕೆಲವರಿಗೆ ಸೂಜಿ ಚುಚ್ಚಿ ಪರೀಕ್ಷೆ — ಇವೂ ಬೆಲೆಯೇ, ರೋಗವಿಲ್ಲದವರು ತೆತ್ತ ಬೆಲೆ. ಜತೆಗೆ, ಜೀವಮಾನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಸಣ್ಣ ಗಡ್ಡೆಗಳೂ ಸೂಕ್ಷ್ಮ ಯಂತ್ರಕ್ಕೆ ಸಿಕ್ಕಿಬೀಳುತ್ತವೆ, ಅವಕ್ಕೂ ಚಿಕಿತ್ಸೆ ನಡೆಯುತ್ತದೆ.

ಈ ಪಾಠದ ಮೇಲೆಯೇ 2017ರಲ್ಲಿ 'ಟಿಮಿಸ್ಟ್' ಅಧ್ಯಯನ ಆರಂಭವಾಯಿತು. ಸ್ತನವನ್ನು ಹಲವು ಕೋನಗಳಿಂದ ಚಿತ್ರಿಸಿ ಪದರ ಪದರವಾಗಿ ತೋರಿಸುವ ಟೊಮೊಸಿಂಥೆಸಿಸ್ ಯಂತ್ರ ಸಾಮಾನ್ಯ ಡಿಜಿಟಲ್ ಮ್ಯಾಮೊಗ್ರಾಮ್‌ಗಿಂತ ಉತ್ತಮವೇ ಎಂದು ಅದು ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ನೋಡುತ್ತಿದೆ. ಎಷ್ಟು ಹೆಚ್ಚು ಗಡ್ಡೆ ಸಿಕ್ಕಿತು ಎಂಬುದು ಅಲ್ಲಿನ ಮುಖ್ಯ ಪ್ರಶ್ನೆಯಲ್ಲ. ಮುಂದುವರಿದ, ಅಪಾಯಕಾರಿ ಕ್ಯಾನ್ಸರ್‌ಗಳು ಕಡಿಮೆಯಾದವೇ ಎಂಬುದು.

ಈ ಅಧ್ಯಯನಗಳೆಲ್ಲ ಲಕ್ಷಣಗಳಿಲ್ಲದವರ ತಪಾಸಣೆಗೆ ಸಂಬಂಧಿಸಿದವು. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದವರು ಹಿಂದಿನ ಮ್ಯಾಮೊಗ್ರಾಮ್ ಸರಿಯಾಗಿಯೇ ಇತ್ತು ಎಂದು ಸುಮ್ಮನಿರದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.